ಲೈನಿನ್ಯಾಗ ಯಾರ್ಯಾರ ಅದೀರಿ?

2020ರ ಆಗಸ್ಟ್. ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆ ಇನ್ನೂ ಬಾಗಿಲು ತೆರೆದಿಲ್ಲ. ಸರ್ಕಾರ ‘ವಿದ್ಯಾಗಮ’ ಎಂದು ಯೋಜನೆ ಮಾಡಿ ಮಕ್ಕಳನ್ನು ಮೂರು ಪಾಲು ಹಾಕಿದೆ: ನೆಟ್ ಇರುವ ಫೋನಿನವರು, ನೆಟ್ ಇಲ್ಲದ ಫೋನಿನವರು, ಫೋನೇ ಇಲ್ಲದವರು. ಮೊದಲಿನವರಿಗೆ ವಾಟ್ಸಾಪ್ ಇದೆ, ಕೊನೆಯವರಿಗೆ ಗುಡಿಯ ಕಟ್ಟೆ ಇದೆ. ಫಜೀತಿ ನಡುವಿನವರದು. ಕುಷ್ಟಗಿ ತಾಲೂಕಿನ ತಾವರಗೇರಾದಲ್ಲಿ ಹತ್ತನೇ ಕ್ಲಾಸಿನ ಗಣಿತದ ಮಾಸ್ತರು ಇವರಿಗಾಗಿ ಕಾನ್ಫರೆನ್ಸ್ ಕಾಲ್ ಹಚ್ಚುತ್ತಾರೆ. ಮಾಮೂಲಿ ಫೋನಿನಲ್ಲಿ ಕರೆ ಮಾಡಿದವರನ್ನು ಬಿಟ್ಟು ಐದೇ ಮಂದಿಗೆ ಜಾಗ. ಒಬ್ಬೊಬ್ಬರಿಗೆ ಹಚ್ಚಿದಾಗಲೂ ಮೊದಲು ಕೊರೊನಾ ಎಚ್ಚರಿಕೆಯ ದನಿ. ಐವರನ್ನು ಕೂಡಿಸುವ ಹೊತ್ತಿಗೆ ಮಾಸ್ತರಿಗೆ ಅದು ಬಾಯಿಪಾಠ.

ಮಾಸ್ತರ: ಹಲೋ, ಹಲೋ! ಲೈನಿನ್ಯಾಗ ಯಾರ್ಯಾರ ಅದೀರಿ? ಒಬ್ಬೊಬ್ಬರ ಹೇಳ್ರಿ. ಹೆಸರು?

ಮಂಜನ ಅವ್ವ: ಹೆಸರು ಬಿಡಸಾಕತ್ತೀವ್ರಿ ಸರ. ಮಳಿ ಹತ್ತಿ ಕಾಯಿ ಕರ್ರಗಾಗ್ಯಾವು. ಕ್ವಿಂಟಲಿಗೆ ಏನ್ ನಡದೈತ್ರಿ?

ಮಾಸ್ತರ: ಯವ್ವಾ, ನಾನು ದಲಾಲಿ ಅಂಗಡಿಯವ ಅಲ್ಲ, ಸಾಲಿ ಮಾಸ್ತರ. ನಿಮ್ಮ ಮಗಂದು ಹೆಸರು ಕೇಳಿದೆ.

ಮಂಜನ ಅವ್ವ: ಮಗಂದು ಬ್ಯಾರೆ ಹೆಸರು ಎಲ್ಲೈತ್ರಿ? ಎಲ್ಲಾ ಒಂದ ಹೊಲ.

ಮಾಸ್ತರ: (ಸೋತು) ಸರ್ಕಾರದ ಬೆಂಬಲ ಬೆಲೆ ಈ ವರ್ಷ 7196 ರೂಪಾಯಿ ಐತಿ. ಮಂಜ ಎಲ್ಲಿ?

ಮಂಜನ ಅವ್ವ: ಇಲ್ಲೇ ಸಾಲಿನ್ಯಾಗ ಅದಾನ್ರಿ. ಕೈತುಂಬ ಕೆಸರು. ಫೋನ್ ನಾನ ಅವನ ಕಿವಿಗೆ ಹಿಡಿತೀನಿ, ನೀವು ಹೇಳ್ರಿ.

ಶರಣಮ್ಮ: ಶರಣಮ್ಮ ಹಾಜರ್ರಿ ಸರ.

ಆಯಿ: ನಾನೂ ಹಾಜರ. ಫೋನ್ ನಂದು.

ಹುಸೇನ: ಹಾಜರ್ ಸರ. (ಹಿಂದೆ ಟಣ್ ಟಣ್ ಸಪ್ಪಳ.) ಪಂಚರ್ ಅಂಗಡ್ಯಾಗ ಅದೀನ್ರಿ. ಸಿಂಧನೂರ ಕಡೆ ಹೊಂಟ ಲಾರಿ ಬಂದು ನಿಂತೈತಿ.

ಲಕ್ಷ್ಮಿ: ಸರ, ನಾನು ಮಾಳಗಿ ಮ್ಯಾಲ ಅದೀನ್ರಿ. ಕೆಳಗ ನೆಟ್‌ವರ್ಕ್ ಇಲ್ಲ. ಬಿಸಲು ಭಾಳ ಐತಿ, ಲಗೂನ ಹೇಳ್ರಿ.

ಮಾಸ್ತರ: ದುರುಗಪ್ಪ?

ಗಡಸು ದನಿ: ಹಾಜರ್ರಿ!

ಮಾಸ್ತರ: ಏನಲೇ ದುರುಗ್ಯಾ, ದನಿ ಹಿಂಗ ಒಡದೈತಿ? ಹೋದ ವಾರ ಚೊಲೋ ಇತ್ತಲ್ಲ?

ಯಮನೂರಪ್ಪ: ನಾನು ಅವರಪ್ಪ ರೀ, ಯಮನೂರಪ್ಪ. ಫೋನ್ ನನ್ನ ಕಿಸೇದಾಗ, ಹುಡುಗ ಕುರಿ ಹಿಂದ. ನೀವು ಪಾಠ ಹೇಳ್ರಿ, ಸಂಜಿಕ ಅವಗ ಮುಟ್ಟಸ್ತೀನಿ.

ಮಾಸ್ತರ: ಗಣಿತ ರೀ ಇದು. ಕೇಳಿದವ್ರು ಇನ್ನೊಬ್ಬರಿಗೆ ಹೆಂಗ ಮುಟ್ಟಸ್ತೀರಿ?

ಯಮನೂರಪ್ಪ: ಬೆಂಗಳೂರಾಗ ಹನ್ನೆರಡು ವರ್ಷ ಗೌಂಡಿ ಕೆಲಸ ಮಾಡೀನ್ರಿ. ಕೆಳಗ ನಿಂತು ಇಂಜಿನಿಯರ್ ಹೇಳಿದ್ದನ್ನ ನಾಕನೇ ಅಂತಸ್ತಿಗೆ ಮುಟ್ಟಿಸಿದವ ನಾನು. ಲಾಕ್‌ಡೌನಿಗೆ ಊರಿಗೆ ಬಂದೆ. ಈಗ ಖಾತ್ರಿ ಕೆಲಸ, ದಿನಕ್ಕ 275 ರೂಪಾಯಿ.

(ನಡುವೆ ನನ್ನದೊಂದು ಮಾತು. ಮನೆಯಲ್ಲಿ ಫೋನಿದೆಯೇ ಎಂದು ಕೇಳಿ ಪಟ್ಟಿ ಮಾಡಿದ್ದು ಸರಿಯೇ. ಹಗಲು ಹೊತ್ತು ಅದು ಯಾರ ಕಿಸೆಯಲ್ಲಿ ತಿರುಗುತ್ತದೆ ಎಂದೂ ಕೇಳಿದ್ದರೆ ನಾಲ್ಕನೆಯ ಗುಂಪೊಂದು ಬೇಕಾಗುತ್ತಿತ್ತು. ಅದೇ ಎಲ್ಲಕ್ಕಿಂತ ದೊಡ್ಡದಾಗುತ್ತಿತ್ತೋ ಏನೋ.)

ಮಾಸ್ತರ: ಇವತ್ತಿನ ಪಾಠ ವೃತ್ತ. ಬೋರ್ಡ್ ಇಲ್ಲ, ಚಿತ್ರ ಇಲ್ಲ. ಕಣ್ಣಿಲೆ ನೋಡೋದನ್ನ ಕಿವಿಲೆ ನೋಡಬೇಕು.

ಆಯಿ: ಕಾಲಿದ್ದವ್ರು ಹಂಪಿ ನೋಡಬೇಕು, ಕಣ್ಣಿದ್ದವ್ರು ಕನಕಗಿರಿ ನೋಡಬೇಕು ಅಂತಿದ್ರು ಹಿರೇರು. ಕಿವಿ ಇದ್ದವ್ರು ಏನ್ ನೋಡಬೇಕಂತ ಹೇಳಿದ್ದಿಲ್ಲ. ಇವತ್ತ ತಿಳೀತು.

ಮಾಸ್ತರ: ಎಲ್ಲಾರೂ ಕೈಯಾಗ ಒಂದು ದುಂಡನ್ನ ಸಾಮಾನು ತಗೋರಿ.

ಶರಣಮ್ಮ: ರೊಟ್ಟಿ ತಗೊಂಡೀನ್ರಿ.

ಲಕ್ಷ್ಮಿ: ನನ್ನ ಬಳಿ ಐತ್ರಿ.

ಹುಸೇನ: ಲಾರಿ ಗಾಲಿ ಐತಿ ಸರ. ಕೈಯಾಗ ಹಿಡಿಯಾಕ ಆಗಂಗಿಲ್ಲ.

ಯಮನೂರಪ್ಪ: ಮಣ್ಣು ಹೊರೋ ಬುಟ್ಟಿ ಐತ್ರಿ.

ಮಂಜನ ಅವ್ವ: ಹೆಸರುಕಾಳು ನಡೀತೈತೇನ್ರಿ?

ಮಾಸ್ತರ: ಕಾಳು ಬ್ಯಾಡ ಯವ್ವಾ, ಅದು ಗೋಳದ ಪಾಠಕ್ಕ ಇಟಗೋರಿ. ಶರಣಮ್ಮ, ರೊಟ್ಟಿ ನಟ್ಟನಡುವ ಒಂದು ಚುಕ್ಕಿ ಇಡು. ಅದು ಕೇಂದ್ರ. ಈ ದಂಡಿಯಿಂದ ಕೇಂದ್ರ ದಾಟಿ ಆ ದಂಡಿಗೆ ಹೋದ್ರ ವ್ಯಾಸ. ಕೇಂದ್ರಕ್ಕ ನಿಂತ್ರ ತ್ರಿಜ್ಯ. ದಂಡಿಯ ಒಂದು ತುಣುಕು ತಗೊಂಡ್ರ ಕಂಸ.

ಆಯಿ: ಒಂದೀಟು ನಿಂದ್ರೀ. ವ್ಯಾಸ ಮಹಾಭಾರತದಾಗ, ಕಂಸ ಭಾಗವತದಾಗ. ಇಬ್ಬರೂ ನನ್ನ ರೊಟ್ಟ್ಯಾಗ ಹೆಂಗ ಕೂಡಿದ್ರು?

ಮಾಸ್ತರ: ಆಯಿ, ಇವ್ರು ಬ್ಯಾರೆ ವ್ಯಾಸ, ಬ್ಯಾರೆ ಕಂಸ.

ಆಯಿ: ಯಾವ ಕಂಸ ಆದ್ರೂ ಕಂಸನ. ಕೊಡಿಲ್ಲಿ ಶರಣಿ, ಪೀಡಾ ಹೋಗ್ಲಿ.

ಶರಣಮ್ಮ: ಸರ! ಆಯಿ ಕಂಸನ್ನ ಹರದು ಪುಂಡಿಪಲ್ಲೆ ಹಚಗೊಂಡು ತಿಂದಳ್ರಿ. ಈಗ ನನ್ನ ವೃತ್ತ ಪೂರಾ ಇಲ್ಲ.

ಮಾಸ್ತರ: ಉಳದದ್ದರ ಕಾಯ್ಕೊ. ಈಗ...

(ಒಮ್ಮೆಲೆ ಸಂಗೀತ. ನಡುನಡುವೆ, ಕಾಯಿರಿ ಎಂದು ಕೇಳಿಕೊಳ್ಳುವ ಹೆಣ್ಣುದನಿ.)

ಆಯಿ: ಈಕಿ ಯಾರ್ರೀ? ಹೊಸಾ ಟೀಚರೇನು? ದನಿ ಚೊಲೋ ಐತಿ.

ಮಾಸ್ತರ: ಯಾರರ ಕಾಲ್ ಹೋಲ್ಡ್ ಇಟ್ಟೀರೇನು? ಒಬ್ಬರು ಇಟ್ರ ಈ ಹಾಡು ಎಲ್ಲಾರಿಗೂ ಕೇಳತೈತಿ!

ಮಂಜನ ಅವ್ವ: ಇರ್ಲಿ ಬಿಡ್ರಿ ಸರ. ನಿಮ್ಮಕಿಂತ ಈಕಿ ಮಾತು ಸ್ವಚ್ಛ ಕೇಳತೈತಿ.

ಲಕ್ಷ್ಮಿ: (ಮರಳಿ ಬಂದು) ಸಾರಿ ಸರ. ಶಿವು ಕಾಲ್ ಮಾಡಿದ್ದ. ತನ್ನನ್ನ ಯಾವಾಗ ಸೇರಸ್ತಾರಂತ ಕೇಳಾಕತ್ತಾನ. ಆಗಳೆ ನಿಮಗ ಎಂಟು ಮಿಸ್ ಕಾಲ್ ಕೊಟ್ಟಾನಂತ.

ಮಾಸ್ತರ: ಐದು ಮಂದಿ ತುಂಬ್ಯಾರ, ಯಾರರ ಇಳದ್ರ ಅವಗ ಜಾಗ ಅಂತ ಹೇಳವ್ವ.

ಆಯಿ: ಇಷ್ಟ್ಯಾಕ ತ್ರಾಸು ತಗೊಂತೀರಿ ಸರ? ಚಂದನ ಟೀವ್ಯಾಗ ಜುಲೈದಾಗ ಪಾಠ ಸುರು ಆಗ್ಯಾವಲ್ಲ?

ಶರಣಮ್ಮ: ಪಾಠ ಬಂದ್ರ ಕರೆಂಟ್ ಇರಂಗಿಲ್ಲ, ಕರೆಂಟ್ ಬಂದ್ರ ಆಯಿ ಧಾರಾವಾಹಿ ಬಿಡಂಗಿಲ್ಲ.

ಆಯಿ: ಟೀವಿಗೆ ಎದುರು ಮಾತಾಡಿದ್ರ ಅದಕ್ಕ ಕೇಳಂಗಿಲ್ಲವಾ. ಮಾಸ್ತರಿಗೆ ಕೇಳತೈತಿ. ನನಗ ಇದ ಬೇಷ್.

ಮಾಸ್ತರ: (ಉಸಿರುಬಿಟ್ಟು) ಸ್ಪರ್ಶಕಕ್ಕ ಬರೂಣು. ವೃತ್ತಕ್ಕ ಒಂದ ಒಂದು ಬಿಂದುವಿನ್ಯಾಗ ತಾಗಿ ಹೋಗೋ ಗೆರಿ ಸ್ಪರ್ಶಕ. ಹುಸೇನ, ನೆಲ ಅಂದ್ರ ಗೆರಿ ಅಂತ ತಿಳ್ಕೊ. ನಿನ್ನ ಗಾಲಿ ನೆಲಕ್ಕ ಎಷ್ಟು ತಾಗೇತಿ?

ಹುಸೇನ: ಒಂದು ಗೇಣು ತಾಗೇತಿ ಸರ.

ಮಾಸ್ತರ: ಗೇಣು? ಒಂದು ಬಿಂದು ಅನಬೇಕಲೇ!

ಹುಸೇನ: ಪಂಚರ್ ಗಾಲಿ ಐತಿ ಸರ. ಗಾಳಿ ಹೊಡದ ಮ್ಯಾಲ ಬಿಂದು ಆಗತೈತಿ.

ಮಾಸ್ತರ: (ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುರುಪಿನಿಂದ) ಎಲ್ಲಾರೂ ಬರಕೋರಿ! ಒಂದು ಬಿಂದುವಿನ್ಯಾಗ ತಾಗಿದ್ರ ಸ್ಪರ್ಶಕ, ಎರಡು ಬಿಂದುವಿನ್ಯಾಗ ಕಡದ್ರ ಛೇದಕ. ಗಾಳಿ ತುಂಬಿದ್ರ ಸ್ಪರ್ಶಕ, ಪಂಚರ್ ಆದ್ರ ಛೇದಕ.

ಹುಸೇನ: ಛೇದಕಕ್ಕ ನಮ್ಮಪ್ಪ ರೊಕ್ಕ ತಗೊಂತಾನ್ರಿ. ಸ್ಪರ್ಶಕ ಫುಕಟ್.

ಮಾಸ್ತರ: ಈಗ ಲೆಕ್ಕ. ಕಿವಿ ಕೊಡ್ರಿ. ವೃತ್ತದ ತ್ರಿಜ್ಯ 3 ಸೆಂಟಿಮೀಟರ್. ಹೊರಗ ಒಂದು ಬಿಂದು ಐತಿ, ಕೇಂದ್ರದಿಂದ 5 ಸೆಂಟಿಮೀಟರ್ ದೂರ. ಆ ಬಿಂದುವಿನಿಂದ ಎಳದ ಸ್ಪರ್ಶಕದ ಉದ್ದ ಎಷ್ಟು? ತ್ರಿಜ್ಯ, ಸ್ಪರ್ಶಕ ಎರಡೂ ಕೂಡೋ ಜಾಗಾದಾಗ ಲಂಬಕೋನ ಇರತೈತಿ, ಮರೀಬ್ಯಾಡ್ರಿ.

(ಕೋಳಿಯ ಕೂಗು. ಲಾರಿಯ ಹಾರ್ನ್.)

ಯಮನೂರಪ್ಪ: ನಾಕು ರೀ.

ಮಾಸ್ತರ: ಯಾರದು?

ಯಮನೂರಪ್ಪ: ನಾನ ರೀ. ಮೂರು, ನಾಕು, ಐದು. ಪಾಯಾ ಹಾಕುವಾಗ ಮೂಲಿ ಹಿಡಿಯೋದ ಹಂಗ. ಈ ಕಡೆ ದಾರ ಮೂರು ಫೂಟು, ಆ ಕಡೆ ನಾಕು, ಅಡ್ಡ ಹಿಡದ್ರ ಐದು ಬರಬೇಕು. ಬರಲಿಲ್ಲ ಅಂದ್ರ ಮನಿ ಸೊಟ್ಟ, ಗೌಂಡಿ ಪಗಾರ ಕಟ್.

ಮಾಸ್ತರ: ಯಮನೂರಪ್ಪ, ಇದಕ್ಕ ಪೈಥಾಗೊರಸ್ ಪ್ರಮೇಯ ಅಂತಾರ.

ಯಮನೂರಪ್ಪ: ಹೌದೇನ್ರಿ? ಅವರೂ ಗೌಂಡಿನೇನು?

ಇನ್ನೊಂದು ದನಿ: ಆರು, ಎಂಟು, ಹತ್ತು ಹಿಡದ್ರೂ ಮೂಲಿ ಬರತೈತಲ್ರಿ ಸರ?

ಮಾಸ್ತರ: ಬರತೈತಿ, ಬರತೈತಿ! ನೀವು ಯಾರು?

ಯಮನೂರಪ್ಪ: ಸ್ಪೀಕರ್ ಹಾಕೀನ್ರಿ. ಬದು ಹಾಕೋರು ಎಲ್ಲಾ ಬಂದು ಕುಂತಾರ.

ಕಾಯಕ ಬಂಧು: (ಖಾತ್ರಿ ಕೆಲಸದ ಉಸ್ತುವಾರಿ, ದೂರದಿಂದ) ಏ ಯಮನೂರಪ್ಪಾ! ಹಿಂಗ ಬುಟ್ಟಿ ಮಕಾಡೆ ಹಾಕಿ ಕುಂತ್ರ ನಾಳೆ ಅಳತಿ ಹೆಂಗ ಬರತೈತಿ?

ಯಮನೂರಪ್ಪ: ಅಳತಿನ ಕಲಿಯಾಕತ್ತೀವೋ ಮಾರಾಯ, ತಡಿ.

(ಮುಂದಿನದನ್ನು ಬಲ್ಲವನಾಗಿ ಇಲ್ಲೇ ಹೇಳಿಬಿಡುತ್ತೇನೆ. ಈ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ, 2021ರ ಜುಲೈ 19ರಂದು, ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಂದೇ ದಿನ ಮುಗಿಸಿದರು. ಎಲ್ಲವೂ ಸರಿಯುತ್ತರ ಗುರುತಿಸುವ ಪ್ರಶ್ನೆ. ಹೆಜ್ಜೆಹೆಜ್ಜೆಯಾಗಿ ಬರೆದು ತೋರಿಸುವ ಕೆಲಸವಿಲ್ಲ. ಯಮನೂರಪ್ಪನಿಗೆ ಹೇಳಿ ಮಾಡಿಸಿದ ಪರೀಕ್ಷೆ, ಹಾಲ್ ಟಿಕೆಟ್ ಮಾತ್ರ ಮಗನದು.)

ಶರಣಮ್ಮ: ಸರ, ದೊಡ್ಡವರ ಉತ್ತರ ಹೇಳಿಬಿಟ್ರ ನಾವು ಏನ್ ಹೇಳೋದ್ರಿ?

ಮಾಸ್ತರ: ಇದು ನಿನಗ. ಅದ ಬಿಂದುವಿನಿಂದ ವೃತ್ತದ ಇನ್ನೊಂದು ಬದಿಗೆ ಮತ್ತೊಂದು ಸ್ಪರ್ಶಕ ಎಳದ್ರ ಎಷ್ಟುದ್ದ? ಯಮನೂರಪ್ಪ, ನೀವು ಬಾಯಿ ಮುಚಗೊಂಡಿರ್ರಿ.

ಶರಣಮ್ಮ: (ತುಸು ಹೊತ್ತಿನ ಮೇಲೆ) ಅದೂ ನಾಕು. ಎರಡೂ ಸಮ.

ಮಾಸ್ತರ: ಶಾಬ್ಬಾಸ್! ಹೆಂಗ ತಿಳೀತು?

ಶರಣಮ್ಮ: ಒಂದು ದಾರ ಹಿಡದು ರೊಟ್ಟಿ ಎರಡೂ ಬದಿಗೆ ತಾಗಿಸಿ ಅಳದು ನೋಡಿದೆ. ಆಯಿ ತಿಂದ ಕಡೆ ಬಿಟ್ಟು.

ಮಾಸ್ತರ: ಸಾಕು, ಇವತ್ತಿಗೆ ಇಷ್ಟ. ಯಮನೂರಪ್ಪ, ನಾಳೆ ದುರುಗಪ್ಪನ್ನ ಕರಕೊಂಡ ಬರ್ರಿ. ಪರೀಕ್ಷಾ ಬರಿಯೋನು ಅವ.

ಯಮನೂರಪ್ಪ: ಕುರಿ ಇತ್ತಾಗ ಹೊಡಕೊಂಡ ಬಾ ಅಂತೀನ್ರಿ, ಒಂದ ಫೋನಿನ್ಯಾಗ ಇಬ್ಬರೂ ಕೇಳ್ತೀವಿ. ಹಾಜರಿ ಮಾತ್ರ ಇವತ್ತಿಂದು ಹಾಕ್ರಿ ಮತ್ತ. ಇಲ್ಲಿ ಖಾತ್ರ್ಯಾಗೂ ಹಾಕ್ಯಾರ, ಅಲ್ಲೂ ಬಿತ್ತಂದ್ರ...

ಕಾಯಕ ಬಂಧು: ನಾ ಹಾಕಿಲ್ಲ! ಯಾರ ಹೇಳಿದ್ರು ಹಾಕೀನಂತ?

(ಯಮನೂರಪ್ಪನ ಕಾಲ್ ಕಟ್. ಅರೆನಿಮಿಷ ಗೊರಗೊರ. ಅಷ್ಟರಲ್ಲಿ ಮಾಸ್ತರು ಇನ್ನೊಂದು ನಂಬರ್ ಕೂಡಿಸುತ್ತಾರೆ.)

ಶಿವು: ಹಾಜರ್ರಿ ಸರ! ಯಾವ ಪಾಠ? ಎಲ್ಲೀತನಕ ಬಂದೈತಿ?

ಆಯಿ: ಲೇ ತಮ್ಮ, ಎಲ್ಲಾ ಮುಗೀತು. ನಿನಗ ಬೇಕಂದ್ರ ವ್ಯಾಸ ಒಬ್ಬ ಉಳದಾನ, ಪಲ್ಲೆ ಇಲ್ಲ.