ಗುತ್ತಿಗೆ ವಿಸ್ತರಣ ಮೀಮಾಂಸೆ

ಕ್ಯಾಲಿಫೋರ್ನಿಯಾದ ನಗರಗಳಲ್ಲಿ ನೀರು ನಿಂತರೂ ನೀರಿನ ದರದ ಅಧ್ಯಯನ ನಿಲ್ಲುವುದಿಲ್ಲ. ಈ ಶಾಸ್ತ್ರಕ್ಕೆ ಮೂಲಪ್ರಮಾಣ 1996ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 218. ನೀರು, ಒಳಚರಂಡಿಗೆಂದು ವಸೂಲು ಮಾಡುವ ಹಣ ಆ ಸೇವೆಯ ಖರ್ಚನ್ನು ಮೀರಕೂಡದು. ಒಂದೊಂದು ಆಸ್ತಿಯ ಮೇಲೂ ಅದರ ಪಾಲಿನ ಖರ್ಚಷ್ಟೇ ಬೀಳಬೇಕು ಎಂಬುದು ಅದರ ವಿಧಿ. ನಿಮ್ಮ ಬಚ್ಚಲಿನ ಪಾಲೆಷ್ಟು, ಪಕ್ಕದ ಮನೆಯವರ ಬಚ್ಚಲಿನ ಪಾಲೆಷ್ಟು ಎಂಬುದನ್ನು ಬಲ್ಲವನು ಬ್ರಹ್ಮನೊಬ್ಬನೇ. ಅವನು ಟೆಂಡರ್ ಹಾಕಲಿಲ್ಲವಾದ್ದರಿಂದ ಕೆಲಸ ಗುತ್ತಿಗೆಯಾಗಿ ಕನ್ಸಲ್ಟೆಂಟಿಗೆ ಹೋಯಿತು.

ಒಳಚರಂಡಿಯ ಭಾಗವೇ ಹೆಚ್ಚು ಸೂಕ್ಷ್ಮ. ಮನೆಗಳ ಚರಂಡಿಗೆ ಮೀಟರು ಕೂರಿಸಿರುವುದಿಲ್ಲ. ಹಾಗಾಗಿ ಹಲವು ನಗರಗಳು ಅನುಮಾನ ಪ್ರಮಾಣಕ್ಕೆ ಶರಣಾಗಿವೆ: ಚಳಿಗಾಲದಲ್ಲಿ ಹುಲ್ಲುಹಾಸಿಗೆ ನೀರು ಬಿಡುವುದು ಕಡಿಮೆ, ಆದಕಾರಣ ಆಗ ಒಳಗೆ ಬಂದ ನೀರು ಬಹುಪಾಲು ಕೊಳವೆಯಲ್ಲೇ ಹೊರಗೆ ಹೋಗಿರಬೇಕು. ಹೊಗೆ ಕಂಡು ಬೆಂಕಿ ಊಹಿಸಿದ ನಮ್ಮ ನೈಯಾಯಿಕರು ನಲ್ಲಿ ಕಂಡು ಗಟಾರ ಊಹಿಸುವಷ್ಟು ಮುಂದುವರಿದಿರಲಿಲ್ಲ.

ಇಷ್ಟಾದ ಮೇಲೆ ಗುತ್ತಿಗೆ ಮುಗಿಯಬೇಡವೇ? ಮುಗಿಯದು. 2015ರ ಏಪ್ರಿಲ್ ನೋಡಿ. 1ರಂದು ಗವರ್ನರ್ ಜೆರಿ ಬ್ರೌನ್, ಬರಗಾಲದ ನಿಮಿತ್ತ, ನಗರಗಳ ನೀರಿನ ಬಳಕೆ ಶೇ. 25ರಷ್ಟು ಇಳಿಯಬೇಕೆಂದು ಆಜ್ಞೆ ಹೊರಡಿಸಿದರು. ಹೆಚ್ಚು ಬಳಸಿದವರಿಗೆ ಹೆಚ್ಚು ದರ ಹಾಕಿದರಾಯಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ 20ರಂದು ಮೇಲ್ಮನವಿ ನ್ಯಾಯಾಲಯ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ನಗರದ ಏರುಮೆಟ್ಟಿಲ ದರವನ್ನೇ ತಳ್ಳಿಹಾಕಿತು. ಪ್ರತಿ ಮೆಟ್ಟಿಲಿಗೂ ಖರ್ಚಿನ ಆಧಾರವನ್ನು ನಗರ ತೋರಿಸಿರಲಿಲ್ಲ. ಇತ್ತ ಜನ ನೀರು ಉಳಿಸಿದರು. ಕೊಳವೆ, ಪಂಪು, ಸಾಲದ ಕಂತು ಯಾವುದೂ ಉಳಿತಾಯ ಮಾಡಲಿಲ್ಲ. ಆದಾಯ ಕುಸಿಯಿತು, ದರ ಏರಿಸಬೇಕಾಯಿತು. ಹಳೆಯ ಅಂಕಿಅಂಶದ ಮೇಲೆ ನಿಂತ ವರದಿ ಬೈಂಡಾಗುವ ಮೊದಲೇ ಪುರಾಣವಾಯಿತು. ಗುತ್ತಿಗೆಗೆ ಪುನರ್ಜನ್ಮ ಬರುವುದು ಹೀಗೆ.

ವಿಸ್ತರಣೆಯ ಪ್ರಯೋಗವಿಧಿ ಸರಳ. ಮೂಲ ಒಪ್ಪಂದದಲ್ಲಿ ‘ಈ ಮೊತ್ತವನ್ನು ಮೀರತಕ್ಕದ್ದಲ್ಲ’ ಎಂದಿರುತ್ತದೆ. ಮೀರುವುದೂ ಇಲ್ಲ, ತಿದ್ದುಪಡಿ ತಂದು ಮೊತ್ತವನ್ನೇ ಮೇಲಕ್ಕೆತ್ತಲಾಗುತ್ತದೆ. ನಗರದ ಕೌನ್ಸಿಲ್ ಸಭೆಯಲ್ಲಿ ಚರ್ಚೆಯಿಲ್ಲದೆ ಒಟ್ಟಿಗೆ ಒಂದೇ ಮತದಲ್ಲಿ ಪಾಸಾಗುವ ವಿಷಯಗಳ ಗುಂಪಿನಲ್ಲಿ, ಹಿಂದಿನ ಸಭೆಯ ನಡಾವಳಿಯ ಪಕ್ಕದಲ್ಲಿ ಅದು ತಣ್ಣಗೆ ಕುಳಿತಿರುತ್ತದೆ.

ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಕನ್ಸಲ್ಟೆಂಟಿನ ಫೀಸು ಎಲ್ಲಿಂದ? ನೀರಿನ ನಿಧಿಯಿಂದ. ಆ ನಿಧಿಗೆ ಹಣ? ಬಿಲ್ಲಿನಿಂದ. ಬಿಲ್ಲು ಎಷ್ಟಿರಬೇಕೆಂದು ಹೇಳುವವರು? ಕನ್ಸಲ್ಟೆಂಟ್. ಇದು ಆತ್ಮಾಶ್ರಯ ದೋಷವಲ್ಲವೇ? ಅಲ್ಲ, ಇದು ಸ್ವಾವಲಂಬನೆ ಎಂಬುದು ಸಿದ್ಧಾಂತಿಯ ಉತ್ತರ.

ನಗರದ ಲೆಕ್ಕಿಗರೇ ಈ ಕೆಲಸ ಮಾಡಬಹುದಲ್ಲ ಎನ್ನುವವರು ದರ ಏರಿಕೆಯ ಬಹಿರಂಗ ವಿಚಾರಣೆಗೆ ಒಮ್ಮೆ ಹೋಗಿ ಬರಲಿ. ನೋಟಿಸು ಅಂಚೆಗೆ ಬಿದ್ದು ಕನಿಷ್ಠ 45 ದಿನ ಕಳೆದ ಮೇಲೆ ನಡೆಯುವ ಆ ಸಭೆಯಲ್ಲಿ, ನಿವೃತ್ತ ಗೃಹಸ್ಥರೊಬ್ಬರು ಬಿಲ್ಲು ಎತ್ತಿಹಿಡಿದು ಗುಡುಗುತ್ತಾರೆ. ಕೌನ್ಸಿಲ್ ಸದಸ್ಯರು ಏಕಕಾಲಕ್ಕೆ ಪರದೆಯ ಮೇಲಿನ ಕನ್ಸಲ್ಟೆಂಟಿನ ನಕ್ಷೆಯತ್ತ ತಿರುಗುತ್ತಾರೆ. ಆ ಕತ್ತಿನ ತಿರುವಿಗೇ ಫೀಸು ಎಂಬುದು ನನ್ನ ವಿನಮ್ರ ಸಂಶೋಧನೆ. ದರವನ್ನು ತಡೆಯಲು ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ವಿರೋಧ ಬರಬೇಕು. ಒಡೆಯದೆ ಕಸದ ಬುಟ್ಟಿಗೆ ಹೋದ ನೋಟಿಸುಗಳೆಲ್ಲ, ಮೌನಂ ಸಮ್ಮತಿಲಕ್ಷಣಂ ನ್ಯಾಯದಿಂದ, ದರದ ಪರ.

ಒಂದು ಸಂದೇಹ ಮಾತ್ರ ಬಗೆಹರಿದಿಲ್ಲ. ವಿಸ್ತರಣೆ ಕೋರಿ ಪತ್ರ ಬರೆಯಲು ತಗುಲಿದ ಗಂಟೆಗಳನ್ನು ನೀರಿನ ಲೆಕ್ಕಕ್ಕೆ ಬರೆಯಬೇಕೋ ಒಳಚರಂಡಿಯ ಲೆಕ್ಕಕ್ಕೋ? ಇಬ್ಭಾಗ ಮಾಡಬಹುದು. ಆದರೆ ಯಾವ ಪ್ರಮಾಣದಲ್ಲಿ ಎಂದು ನ್ಯಾಯಾಲಯ ಕೇಳಿದರೆ ಆಧಾರ ಬೇಕಲ್ಲ. ಅದನ್ನು ಮುಂದಿನ ತಿದ್ದುಪಡಿಯ ಕಾರ್ಯವ್ಯಾಪ್ತಿಗೆ ಸೇರಿಸಲಾಗಿದೆ.