ತೊಡೆ ಮುರಿದ ಮೇಲೂ ಒಂದು ಪದ

2019ರ ಮೇ 20, ಸೋಮವಾರ ಬೆಳಗ್ಗೆ ನಮ್ಮ ದೇಶದ ಒಂದಷ್ಟು ಜನ ಆಫೀಸಿಗೆ ಹುಷಾರಿಲ್ಲವೆಂದು ಮೆಸೇಜು ಹಾಕಿ ‘ಗೇಮ್ ಆಫ್ ಥ್ರೋನ್ಸ್’ನ 73ನೆಯ, ಅಂದರೆ ಕಟ್ಟಕಡೆಯ ಕಂತು ನೋಡಿದರು. ನೋಡಿ ಮುಗಿಸುವ ಹೊತ್ತಿಗೆ ನಿಜವಾಗಿಯೂ ಹುಷಾರು ತಪ್ಪಿತ್ತು. ಎಂಟು ಸೀಸನ್ನು ಕತ್ತಿ ಹಿರಿದು ಕಾದಾಡಿದವರೆಲ್ಲ ಬದಿಗೆ ಸರಿದು, ಗಾಲಿಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಬ್ರ್ಯಾನ್ ಎಂಬ ಹುಡುಗ ರಾಜನಾಗಿಬಿಟ್ಟಿದ್ದ. ಕೊನೆಯ ಸೀಸನ್ನನ್ನು ಬರೆಯಲು ಬರುವವರ ಕೈಲಿ ಬರೆಸಿ ಮತ್ತೆ ತೆಗೆಯಿರಿ ಎಂಬ ಆನ್‌ಲೈನ್ ಅರ್ಜಿಗೆ ಜಗತ್ತಿನಾದ್ಯಂತ 15 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಬೆಂಗಳೂರಿನವರೂ ಹಾಕಿರಬೇಕು, ಬೀದಿಯ ಕಸ ಎತ್ತಿಸಿ ಎಂಬ ಅರ್ಜಿಗೆ ಹತ್ತು ಸಹಿ ಹುಟ್ಟದ ಊರು ಅದು. ಧಾರಾವಾಹಿ ಮಾಡಿದವರು ಆ ಅರ್ಜಿಗೆ ಸೊಪ್ಪು ಹಾಕಲಿಲ್ಲ.

ಅರ್ಜಿ ಹಾಕಿದ್ದೇ ದಡ್ಡತನ. ಚನ್ನಪಟ್ಟಣ ದಾಟಿ ವಿರೂಪಾಕ್ಷಿಪುರದ ಕಡೆಗೆ ಬಂದಿದ್ದರೆ, ಕಥೆಯ ಕೊನೆಯನ್ನು ನಮಗೆ ಬೇಕಾದಂತೆ ತಿರುಗಿಸಿಕೊಳ್ಳುವುದು ಹೇಗೆಂದು ಯಾರಾದರೂ ಹೇಳಿಕೊಡುತ್ತಿದ್ದರು. ಈ ಹೋಬಳಿಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂತೆಂದರೆ ‘ಕುರುಕ್ಷೇತ್ರ’ ನಾಟಕ ಇದ್ದದ್ದೇ. ಇಲ್ಲಿ ಪಾತ್ರಕ್ಕೆ ನಟನನ್ನು ಯಾರೂ ಹುಡುಕುವುದಿಲ್ಲ, ನಟನೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ಕರ್ಣನಿಗೆ ಕೊಂಚ ಚೌಕಾಸಿ. ಧರ್ಮರಾಯನನ್ನು ಕೇಳುವವರೇ ಇಲ್ಲ. ಬೇಡಿಕೆ ಹೆಚ್ಚಾದರೆ ಅದಕ್ಕೂ ಉಪಾಯವುಂಟು: ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಮೊದಲನೆಯವನು ಸಭೆಯಲ್ಲಿ ಮೀಸೆ ತಿರುವಿ ಒಳಗೆ ಹೋಗುತ್ತಾನೆ, ಎರಡನೆಯವನು ಯುದ್ಧಕ್ಕೆ ಬರುತ್ತಾನೆ. ನಡುವೆ ಅವನ ಎತ್ತರ ಅರ್ಧ ಅಡಿ ಇಳಿದಿರುತ್ತದೆ, ಬಣ್ಣವೂ ಬೇರೆಯಾಗಿರುತ್ತದೆ. ಯಾರೂ ಅರ್ಜಿ ಬರೆಯುವುದಿಲ್ಲ.

ಮಹಾಭಾರತದ ಕಥೆ ಎಲ್ಲರಿಗೂ ಗೊತ್ತು, ಹೀಗಾಗಿ ಕೊನೆ ಏನಾಗುತ್ತದೋ ಎಂಬ ಕುತೂಹಲ ಇಲ್ಲಿ ಯಾರಿಗೂ ಇಲ್ಲ. ಕುತೂಹಲ ಇರುವುದು ಎಷ್ಟು ಪದ ಎಂಬುದರ ಬಗ್ಗೆ. ರಾತ್ರಿ ಹತ್ತಕ್ಕೆ ಶುರುವಾದ ನಾಟಕ, ನಡುನಡುವೆ ದಾನಿಗಳಿಗೆ ಶಾಲು, ಪಕ್ಷದ ಮುಖಂಡರಿಗೆ ಮೈಸೂರು ಪೇಟ, ಪಾತ್ರಧಾರಿಯ ಕೊರಳಿಗೆ ಭಾವಮೈದುನರಿಂದ ನೋಟಿನ ಹಾರ, ಇವೆಲ್ಲ ಮುಗಿದು ವೈಶಂಪಾಯನ ಸರೋವರ ಮುಟ್ಟುವಾಗ ಬೆಳಗಿನ ಜಾವ ಐದು ಗಂಟೆ. ಆ ಹೊತ್ತಿಗೆ ದುರ್ಯೋಧನನಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಒಂದು ಮಾತುಕತೆ ಖಾಯಂ.

“ಮೇಷ್ಟ್ರೇ, ಮೂರ್ ತಿಂಗ್ಳು ತಾಲೀಮು ಮಾಡಿವ್ನಿ. ನಮ್ಮತ್ತೆ ಮನೆಯೋರು ಬಂದು ಮುಂದ್ಗಡೆ ಕುಂತವ್ರೆ. ಒಂದು ಪದಾನೂ ಹೇಳ್ದೆ ಎಂಗ್ ಸಾಯಾದು?”

“ತೊಡೆ ಮುರ್ಕಂಡು ಬಿದ್ದೋನು ಎಲ್ಲಾದ್ರೂ ಪದ ಹೇಳ್ತಾನೇನಪ್ಪ?”

“ದುಡ್ಡು ಕೊಟ್ಟೋನು ಹೇಳ್ತಾನೆ.”

ಹೇಳುತ್ತಾನೆ. ವನ್ಸ್ ಮೋರ್ ಬಂದರೆ ಎದ್ದು ನಿಂತು ಇನ್ನೊಮ್ಮೆ ಹೇಳಿ, ಜನಕ್ಕೆ ಕೈಮುಗಿದು, ಮತ್ತೆ ಮಲಗಿ ಸಾಯುತ್ತಾನೆ. ಕಡಿಮೆ ದುಡ್ಡು ಕೊಟ್ಟ ಭೀಮ ಗದೆ ಹೆಗಲಿಗೇರಿಸಿಕೊಂಡು, ಬಸ್ಸಿಗೆ ಕಾಯುವವನ ಹಾಗೆ ಪಕ್ಕದಲ್ಲಿ ನಿಂತಿರುತ್ತಾನೆ. ಇಷ್ಟಾಗುವಾಗ ಮುಂದೆ ಕೂತವರಲ್ಲಿ ಉಳಿದವರು ಆ ಅತ್ತೆ ಮನೆಯವರು ಮಾತ್ರ. ಡೇರಿಗೆ ಹಾಲು ಹಾಕುವವರು ಆಗಲೇ ಎದ್ದಿರುತ್ತಾರೆ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದರಂತೂ ಹದಿನೆಂಟು ಅಕ್ಷೋಹಿಣಿ ಸೈನ್ಯ ಅಡ್ಡ ಬಂದರೂ ರೈತ ನಿಲ್ಲುವವನಲ್ಲ. ಅದಕ್ಕೆ ಸೊಪ್ಪು ಬೀಳಲೇಬೇಕು. ಹೀಗಾಗಿ ಕೊನೆ ನೋಡಿದವರು ಕಡಿಮೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ಕೊನೆ ಕೆಟ್ಟಿತು ಎನ್ನುವವರು ಮಾತ್ರ ಊರಿಗೆ ಊರೇ.

ನಗಬೇಡಿ, ಇದು ಹಳ್ಳಿಯವರು ಕಂಡುಹಿಡಿದ ವಿದ್ಯೆಯಲ್ಲ. ಪಂಪ 941ರಲ್ಲಿ ಭಾರತ ಬರೆದಾಗ ಪಟ್ಟಾಭಿಷೇಕ ಆದದ್ದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಪಟ್ಟದರಸಿಯಾಗಿ ಸುಭದ್ರೆ. ದ್ರೌಪದಿಯನ್ನೂ ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿ ಉಳಿದ ನಾಲ್ವರನ್ನು ಕೈಬಿಟ್ಟಿದ್ದಾಯಿತು. ಏಕೆಂದರೆ ಅರ್ಜುನನೆಂದರೆ ಆಶ್ರಯದಾತ ಅರಿಕೇಸರಿ, ಪಂಪನಿಗೆ ಅಗ್ರಹಾರ ಕೊಟ್ಟವನು. ಮುಂದೆ ರನ್ನ ಬಂದ. ಅವನ ಆಶ್ರಯದಾತ ಸತ್ಯಾಶ್ರಯ, ಕಾವ್ಯದಲ್ಲಿ ಅವನು ಭೀಮ. ಸರಿ, ಈ ಸಲ ಭೀಮನಿಗೇ ಪಟ್ಟ. ಎರಡೂ ಮಹಾಕಾವ್ಯಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾತ್ರ ಹಿಡಿಯಲು ದುಡ್ಡು ಕಟ್ಟುವ ಪದ್ಧತಿಗೆ ಸಾವಿರ ವರ್ಷದ ಶಾಸ್ತ್ರಾಧಾರವಿದೆ ಎಂಬುದನ್ನು ನಮ್ಮ ಎರಡನೇ ದುರ್ಯೋಧನನಿಗೆ ಯಾರಾದರೂ ತಿಳಿಸಬೇಕು.

ಸರ್ಕಾರಕ್ಕೂ ಈ ಚಟ ಉಂಟು. ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ತೆಗೆದ ‘ಶೋಲೆ’ಯಲ್ಲಿ ಠಾಕೂರ ಮೊಳೆ ಬಡಿದ ಬೂಟಿನಲ್ಲಿ ಗಬ್ಬರನನ್ನು ತುಳಿದು ಕೊಂದಿದ್ದ. 1975, ತುರ್ತು ಪರಿಸ್ಥಿತಿ. ಸೆನ್ಸಾರಿನವರು ಒಪ್ಪಲಿಲ್ಲ. ಸರಿಯಾದ ಹೊತ್ತಿಗೆ ಪೊಲೀಸರು ಬಂದು ಗಬ್ಬರನನ್ನು ಹಿಡಿದುಕೊಂಡು ಹೋದರು. ಪೊಲೀಸರು ಸರಿಯಾದ ಹೊತ್ತಿಗೆ ಬಂದರು ಎನ್ನುವಲ್ಲಿಯೇ ಅದು ಕಟ್ಟುಕಥೆಯೆಂದು ಗೊತ್ತಾಗಬೇಕಿತ್ತು. ಮೂಲ ಅಂತ್ಯದ ಪ್ರತಿ ಪರದೆಗೆ ಬಂದದ್ದು 2025ರಲ್ಲಿ, ಬರೋಬ್ಬರಿ ಐವತ್ತು ವರ್ಷದ ಮೇಲೆ.

ಕೊನೆ ಬದಲಿಸಿ ಎಂದವರಲ್ಲಿ ನ್ಯಾಯ ಇದ್ದದ್ದು ನನ್ನ ಮಟ್ಟಿಗೆ ಒಂದೇ ಕಡೆ. 1988ರ ಜುಲೈ 31ರಂದು ರಮಾನಂದ ಸಾಗರರ ‘ರಾಮಾಯಣ’ ರಾಮಪಟ್ಟಾಭಿಷೇಕಕ್ಕೆ ಮುಗಿಯಿತು. ಜಲಂಧರದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಲವಕುಶರ ಕಥೆ ಬಿಟ್ಟರೆ ಹೇಗೆ, ನಮ್ಮ ವಾಲ್ಮೀಕಿ ಎಲ್ಲಿ ಎಂಬುದು ಅವರ ಪ್ರಶ್ನೆ. ಊರು ನಾರಿತು, ಉತ್ತರ ಭಾರತದ ಬೇರೆ ಊರುಗಳಿಗೂ ಮುಷ್ಕರ ಹಬ್ಬಿತು, ಉತ್ತರಕಾಂಡ ದೂರದರ್ಶನಕ್ಕೆ ಬಂತು. ಕಾವ್ಯ ಬರೆದವನನ್ನೇ ಬಿಟ್ಟು ಕಾವ್ಯ ಮುಗಿಸಿದರೆ ಯಾರಾದರೂ ಕೇಳಲೇಬೇಕಲ್ಲ! ಹದಿನೈದು ಲಕ್ಷ ಸಹಿಯಿಂದ ಆಗದ್ದು ಪೊರಕೆಯಿಂದ ಆಯಿತು.

ಇದೆಲ್ಲ ಕಂಡೇ ಇರಬೇಕು, ಜಾಣ ಲೇಖಕರು ಕೊನೆಯ ತಂಟೆಗೇ ಹೋಗುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಮೂಲದ ಕಾದಂಬರಿಕಾರ ಜಾರ್ಜ್ ಮಾರ್ಟಿನ್ 2011ರಲ್ಲಿ ಐದನೆಯ ಸಂಪುಟ ಕೊಟ್ಟು ಆರನೆಯದನ್ನು ಇನ್ನೂ ಬರೆಯುತ್ತಲೇ ಇದ್ದಾರೆ. ನಮ್ಮ ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವ ಮುಗಿಸಿ ಲೇಖನಿ ಕೆಳಗಿಟ್ಟ. ಉಳಿದದ್ದನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಪೂರ್ತಿ ಮಾಡಿಕೊಟ್ಟ. ಪಾಪ ತಿಮ್ಮಣ್ಣ! ಗಮಕಿಗಳು ಇವತ್ತಿಗೂ ಹಾಡುವುದು ಕುಮಾರವ್ಯಾಸನನ್ನು. ಕೊನೆ ಬೇಕು ಬೇಕು ಎಂದು ಕೂಗುವವರು ಕೊನೆ ಬರೆದುಕೊಟ್ಟವನ ಹೆಸರನ್ನೂ ನೆನಪಿಟ್ಟುಕೊಂಡಿಲ್ಲ.

ಅಂದಹಾಗೆ, 2019ರ ಆಗಸ್ಟಿನಲ್ಲಿ ಕನ್ನಡದಲ್ಲೇ ‘ಕುರುಕ್ಷೇತ್ರ’ ಸಿನಿಮಾ ಬಂತು. ದರ್ಶನ್ ದುರ್ಯೋಧನ, ನಿಖಿಲ್ ಕುಮಾರಸ್ವಾಮಿ ಅಭಿಮನ್ಯು. ಆ ಅಭಿಮನ್ಯು 2024ರ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆಯ ವ್ಯೂಹ ಹೊಕ್ಕರು, ಹೊರಬಂದದ್ದು ಸಿ.ಪಿ. ಯೋಗೇಶ್ವರ್. ಈ ಕೊನೆ ಸರಿಯಿಲ್ಲ ಎಂದು ಕೊರಗುವವರಿಗೂ ಕೊರತೆಯಿಲ್ಲ, ಆದರೆ ರೀಮೇಕಿಗೆ 2028ರ ತನಕ ಕಾಯಬೇಕು.

ಒಳ್ಳೆಯ ಕೊನೆ ಯಾವ ಅಭಿಮಾನಿಗೂ ಬೇಕಾಗಿಲ್ಲ ಸ್ವಾಮಿ. ಅವನಿಗೆ ಬೇಕಾದದ್ದು ತನ್ನವನಿಗೆ ಪಟ್ಟ, ಅದಾಗದಿದ್ದರೆ ತನ್ನವನಿಗೆ ಇನ್ನೊಂದು ಪದ. ಬ್ರ್ಯಾನ್ ಪಟ್ಟಕ್ಕೆ ಬಂದದ್ದು ಇನ್ನೂ ನುಂಗಲಾರದ ತುತ್ತಾಗಿರುವವರು ಅರ್ಜಿ, ಸಹಿ ಎಲ್ಲ ಬಿಟ್ಟು ಮುಂಗಡ ಹಿಡಿದುಕೊಂಡು ವಿರೂಪಾಕ್ಷಿಪುರದ ಕಡೆ ಬನ್ನಿ. ದುರ್ಯೋಧನ, ಕೃಷ್ಣ ಸಿಗುವುದು ಕಷ್ಟ. ಧರ್ಮರಾಯ ಯಾವಾಗಲೂ ಖಾಲಿ.