ಅರ್ಧ ವ್ಯಾಟಿನ ರಾಕ್ ಸ್ಟಾರ್

ಗಿಟಾರಿಗೆ ವಾಲ್ವ್ ಆಂಪ್ಲಿಫೈಯರ್ ಕೊಳ್ಳೋಣವೆಂದರೆ ಜೇಬು ಒಪ್ಪುವುದಿಲ್ಲ. ಜೇಬು ಒಪ್ಪಿದರೂ ಕೆಳಮನೆಯವರು ಒಪ್ಪುವುದಿಲ್ಲ. ಯಾಕೆಂದರೆ ವಾಲ್ವ್ ಆಂಪ್‌ನ ಗಂಟಲು ಸರಿಯಾಗಿ ಬಿಚ್ಚುವುದು ಜೋರಾಗಿ ಬಾರಿಸಿದಾಗಲೇ. ನಮ್ಮಂಥ ಬಡಪಾಯಿಗಳಿಗೆಂದೇ ಇರುವುದು ಮಾಡೆಲಿಂಗ್ ಆಂಪ್. ಒಳಗೆ ವಾಲ್ವಿಲ್ಲ, ವಾಲ್ವಿನ ಹಾವಭಾವವನ್ನೆಲ್ಲ ಲೆಕ್ಕ ಹಾಕಿ ನಟಿಸುವ ಚಿಪ್ ಇದೆ.

ನನ್ನ ಬಳಿಯಿರುವ ಅಂಥ ಆಂಪ್ ಬಾಸ್ ಕಟಾನಾ 50ರಲ್ಲಿ ಒಂದು ಗುಂಡಿ ತಿರುಗಿಸಿದರೆ ಕ್ಲೀನ್, ಕ್ರಂಚ್, ಲೀಡ್, ಬ್ರೌನ್ ಎಂದು ದನಿ ಬದಲಾಗುತ್ತದೆ. ಇನ್ನೊಂದು ತಿರುಗಿಸಿದರೆ 50 ವ್ಯಾಟಿನ ಗರ್ಜನೆ ಅರ್ಧ ವ್ಯಾಟಿಗೆ ಇಳಿಯುತ್ತದೆ. ನಡುರಾತ್ರಿಯಲ್ಲೂ ರಾಕ್ ಸ್ಟಾರ್ ಆಗಬಹುದು, ಪಿಸುದನಿಯಲ್ಲಿ!

"ಏನೋ, ಹೊಸ ಪಾಠ ಶುರುವಾಯ್ತಾ?" ಎಂದರು ಅಮ್ಮ. ಪಾಠ ಹಳೆಯದೇ ಅಮ್ಮಾ, ಅದೇ ಮೂರು ಕಾರ್ಡ್‌ಗಳು. ಡಿಲೇ, ರಿವರ್ಬ್ ಎಂಬ ಎಫೆಕ್ಟ್‌ಗಳನ್ನು ತೊಟ್ಟು ಬಂದಿವೆ, ಅಷ್ಟೆ. ಅಭ್ಯಾಸಕ್ಕೂ ಒಂದು ಗುಂಡಿ ಇಟ್ಟಿದ್ದರೆ ಇನ್ನೆರಡು ಸಾವಿರ ಹೆಚ್ಚೇ ಕೊಡುತ್ತಿದ್ದೆ.